ಸ್ಯಾನ್ ಪೆಡ್ರೋ ಬಂದರಿನ ಹಾಡು, ಬೈತಖೋಲದ ಕಿವಿ

ಹಾರ್ಡ್‌ಕೋರ್ ಪಂಕ್, ಅಂದರೆ ಪಂಕ್ ರಾಕ್ ಸಂಗೀತದ ಅತಿ ವೇಗದ, ಒರಟು ರೂಪ, ಮಹಾನಗರದ ಸಂಗೀತ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮೊನ್ನೆ ಬೆಂಗಳೂರಿನ ಗೆಳೆಯರೊಬ್ಬರು "ಕಾರವಾರದಲ್ಲಿ ಕೂತು ನೀವು ಇದನ್ನೆಲ್ಲ ಕೇಳ್ತೀರಲ್ಲ, ಆ ಊರಿಗೂ ಇದಕ್ಕೂ ಏನು ಸಂಬಂಧ?" ಎಂದರು. ಉತ್ತರ ಉದ್ದವಾಗುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಈ ಸಂಗೀತದ ತಂಡಗಳನ್ನೇ ನೋಡಿ. ಬ್ಲ್ಯಾಕ್ ಫ್ಲ್ಯಾಗ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಹರ್ಮೋಸಾ ಬೀಚ್ ಎಂಬ ಕಡಲೂರಿನಲ್ಲಿ. ಮಿನಿಟ್‌ಮೆನ್ ಸ್ಯಾನ್ ಪೆಡ್ರೋ ಬಂದರಿನವರು. ಡಿಸ್ಚಾರ್ಜ್ ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟಿನವರು, ಪಿಂಗಾಣಿ ಪಾತ್ರೆಗೆ ಹೆಸರಾದ ಊರು ಅದು. ಬ್ಯಾಡ್ ಬ್ರೇನ್ಸ್, ಮೈನರ್ ಥ್ರೆಟ್ ತಂಡಗಳ ವಾಷಿಂಗ್ಟನ್ ಅಮೆರಿಕದ ರಾಜಧಾನಿ ಹೌದು, ಆದರೆ ಪಂಕ್ ವಿಷಯಕ್ಕೆ ಬಂದರೆ ಆಗ ನ್ಯೂಯಾರ್ಕಿನ ಮುಂದೆ ಅದರ ಹೆಸರೇ ಇರಲಿಲ್ಲ. ಇವರ ಊರುಗಳಲ್ಲಿ ಇವರಿಗಾಗಿ ಯಾರೂ ವೇದಿಕೆ ಹಾಕಿಕೊಡಲಿಲ್ಲ, ಯಾವ ದೊಡ್ಡ ಕಂಪನಿಯೂ ಮನೆ ಬಾಗಿಲಿಗೆ ಬರಲಿಲ್ಲ. ಹಾಗಾಗಿ ಎಲ್ಲವನ್ನೂ ತಾವೇ ಮಾಡಿಕೊಂಡರು. ದೊಡ್ಡ ಕಾಯಿಲೆ ಬಂದರೆ ಮಣಿಪಾಲಕ್ಕೋ ಗೋವಾಕ್ಕೋ ಓಡುವ, ಓದು ಮುಗಿದ ಕೂಡಲೇ ಮಕ್ಕಳನ್ನು ಬೆಂಗಳೂರಿನ ಬಸ್ಸು ಹತ್ತಿಸುವ ನಮ್ಮ ಜಿಲ್ಲೆಯವರಿಗೆ ಈ ಹಟ ಅರ್ಥವಾಗದೆ ಇನ್ಯಾರಿಗೆ ಅರ್ಥವಾಗಬೇಕು?

ನನಗೆ ಈ ಸಂಗೀತ ಸಿಕ್ಕಿದ್ದು ಕೋಡಿಬಾಗದ ಮಾಮನ ಟ್ರಂಕಿನಲ್ಲಿ. ಮಾಮ ಶಿಪ್ಪಿಗೆ ಹೋಗುತ್ತಿದ್ದವರು. ಎಂಬತ್ತರ ದಶಕವಿಡೀ ಸರಕಿನ ಹಡಗುಗಳಲ್ಲಿ ಕಳೆದರು. ತೊಂಬತ್ತರ ಕೊನೆಯಲ್ಲಿ, ನಾನು ಕಾಲೇಜಿನಲ್ಲಿದ್ದಾಗ, ಆ ಟ್ರಂಕು ನನ್ನ ಕೈಗೆ ಬಂತು. ಬೋನಿ ಎಂ, ಆಬಾ, ಕಿಶೋರ್ ಕುಮಾರ್, ಇವೆಲ್ಲದರ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಕೊಟ್ಟೆ. ಅದರೊಳಗೆ ಈ ತಂಡಗಳ ಕ್ಯಾಸೆಟ್ಟುಗಳು. ಅಮೆರಿಕದ ಬಂದರಿನಲ್ಲಿ ಸರಕು ಇಳಿಸುತ್ತಿದ್ದ ಹುಡುಗನೊಬ್ಬ ಮಾಮನಿಗೆ ಕೊಟ್ಟಿದ್ದಂತೆ. ಮಾಮ ಅವನಿಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಕೊಟ್ಟಿದ್ದರು. "ನಂಗೆ ಇದು ತಲೆ ಬುಡ ಗೊತ್ತಾಗ್ಲಿಲ್ಲ ಮಾರಾಯಾ, ಆದ್ರೆ ಪ್ರೀತಿಯಿಂದ ಕೊಟ್ಟಿದ್ದು, ಬಿಸಾಡೂಕೆ ಮನಸ್ಸು ಬರ್ಲಿಲ್ಲ" ಎಂದರು. ನಮ್ಮ ಕಡೆಯ ಮಳೆಗಾಲ ಕ್ಯಾಸೆಟ್ಟುಗಳನ್ನು ಉಳಿಸುವಂಥದ್ದಲ್ಲ, ಒಂದೆರಡಕ್ಕೆ ಪೂರ್ತಿ ಬೂಷ್ಟು ಹಿಡಿದಿತ್ತು. ಉಳಿದವು ಹಾಡಿದವು.

ಮೊದಲು ಹಾಕಿದ್ದು ಬ್ಯಾಡ್ ಬ್ರೇನ್ಸ್. ಹಳದಿ ಕವರು, ಅಮೆರಿಕದ ಸಂಸತ್ ಭವನದ ಗುಮ್ಮಟಕ್ಕೆ ಸಿಡಿಲು ಬಡಿಯುವ ಚಿತ್ರ. 1982ರಲ್ಲಿ ರೋಯರ್ ಎಂಬ ಸಣ್ಣ ಕಂಪನಿ ಇದನ್ನು ತಂದದ್ದೇ ಕ್ಯಾಸೆಟ್ಟಾಗಿ, ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ) ಬಂದದ್ದು ಆಮೇಲೆ. ಅಂದರೆ ಕೋಡಿಬಾಗದ ಕೋಣೆಯಲ್ಲಿ ನಾನು ಕೇಳಿದ್ದು ಅದರ ಅಸಲು ರೂಪವನ್ನೇ. ಈ ನಾಲ್ವರೂ ವಾಷಿಂಗ್ಟನ್ನಿನ ಕಪ್ಪು ಹುಡುಗರು. ಮೊದಲು ಜಾಝ್ ಫ್ಯೂಷನ್ ನುಡಿಸುತ್ತಿದ್ದವರು, ಆಮೇಲೆ ಪಂಕಿಗೆ ಬಂದು ಅದರ ವೇಗವನ್ನೇ ಬದಲಿಸಿದರು. ವೇಗ ನನ್ನನ್ನು ಹೆದರಿಸಲಿಲ್ಲ. ಬಡಗುತಿಟ್ಟಿನ ಆಟ ನೋಡಿ ಬೆಳೆದವರ ಕಿವಿಗೆ ಚಂಡೆಯ ಅಬ್ಬರ ಹೊಸದೇನಲ್ಲ. ನಾನು ಬೆರಗಾದದ್ದು ಅವರು ನಿಲ್ಲಿಸುವ ರೀತಿಗೆ. ನಾಲ್ವರೂ ಜೀವ ಬಿಟ್ಟು ಓಡುತ್ತಿದ್ದವರು ಪಕ್ಕನೆ ಒಂದೇ ಪೆಟ್ಟಿಗೆ ನಿಲ್ಲುತ್ತಾರೆ, ಅರೆಕ್ಷಣ ಏನೂ ಇಲ್ಲ, ಮತ್ತೆ ಒಟ್ಟಿಗೇ ಹೊರಡುತ್ತಾರೆ. ಅರ್ಲ್ ಹಡ್ಸನ್ನನ ಡ್ರಮ್ಮು ಮತ್ತು ಡ್ಯಾರಿಲ್ ಜೆನಿಫರನ ಬೇಸ್ ಗಿಟಾರ್ ಅಷ್ಟು ಹತ್ತಿರ ಹತ್ತಿರ ಇವೆ. ವರ್ಷಗಟ್ಟಲೆ ಕೂತು ಅಭ್ಯಾಸ ಮಾಡದವರಿಂದ ಇದು ಸಾಧ್ಯವಿಲ್ಲ. "ನುಡಿಸೋಕೆ ಬಾರದವರ ಸಂಗೀತ" ಎಂದು ಪಂಕನ್ನು ಹಳಿಯುವವರ ಮುಂದೆ ನಾನು ಯಾವಾಗಲೂ ಈ ಕ್ಯಾಸೆಟ್ಟನ್ನೇ ಇಡುತ್ತೇನೆ.

ನಡುನಡುವೆ ಬರುವ ಜಮೈಕಾ ಮೂಲದ ರೆಗೆ ಶೈಲಿಯ ಹಾಡುಗಳನ್ನು ದಾಟಿಸಿಕೊಂಡು ಹೋಗುವವರು ಬಹಳ ಮಂದಿ. ದಯವಿಟ್ಟು ಹಾಗೆ ಮಾಡಬೇಡಿ. ಆ ನಿಧಾನದ ಹಾಡುಗಳು ಇರುವುದರಿಂದಲೇ ಮುಂದಿನ ಹಾಡಿನ ವೇಗ ಮೈಗೆ ತಾಗುತ್ತದೆ. ಗಾಯಕ ಎಚ್.ಆರ್. ವಿಷಯದಲ್ಲಿ ಮಾತ್ರ ನನ್ನ ಪ್ರೀತಿ ಪೂರ್ತಿಯಲ್ಲ. ಸಲಿಂಗಿಗಳ ಬಗ್ಗೆ ಆ ಕಾಲದಲ್ಲಿ ಅವರು ನಡೆದುಕೊಂಡ ರೀತಿ ಕೆಟ್ಟದ್ದು, ಟೆಕ್ಸಸ್ಸಿನ ಬಿಗ್ ಬಾಯ್ಸ್ ತಂಡದವರ ಜೊತೆಗಂತೂ ತೀರಾ ಕೆಟ್ಟದ್ದು. ಆದರೂ 1986ರ 'ಐ ಅಗೇನ್ಸ್ಟ್ ಐ' ರೆಕಾರ್ಡಿನಲ್ಲಿ ಒಂದು ಹಾಡನ್ನು ಅವರು ಜೈಲಿನಿಂದ ಫೋನಿನಲ್ಲಿ ಹಾಡಿದ್ದಾರೆ ಎಂದು ತಿಳಿದ ದಿನ, ಆ ಒರಟು ದೂರದ ದನಿಯನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಎರಡೂ ನಿಜ, ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಲಾರೆ.

ಎರಡನೆಯದು ಡೆಡ್ ಕೆನಡೀಸ್ ತಂಡದ 'ಇನ್ ಗಾಡ್ ವಿ ಟ್ರಸ್ಟ್, ಇಂಕ್.' 1981ರದ್ದು. ಎಂಟೇ ಹಾಡು. ಒಂದು ಬದಿಯಲ್ಲಿ ಎಲ್ಲ ಮುಗಿಯುತ್ತದೆ, ಇನ್ನೊಂದು ಬದಿ ಖಾಲಿ. ಕ್ಯಾಸೆಟ್ಟು ಹಾಳಾಗಿಲ್ಲ, ಬೇಕೆಂದೇ ಖಾಲಿ ಬಿಟ್ಟದ್ದು. ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವವರು ಕಂಪನಿಗಳ ಲಾಭವನ್ನು ಕೊಲ್ಲುತ್ತಿದ್ದಾರಂತೆ, ನೀವೂ ಕೈಜೋಡಿಸಿ ಎಂದು ಈ ಬದಿ ಬಿಟ್ಟಿದ್ದೇವೆ, ಎಂಬರ್ಥದ ಮಾತನ್ನು ಅದರ ಮೇಲೆಯೇ ಅಚ್ಚು ಹಾಕಿದ್ದರು. ನಾನು ಆ ಮಾತನ್ನು ಪಾಲಿಸಿದೆ. ಆ ವರ್ಷದ ಸುಗ್ಗಿಯಲ್ಲಿ ಮನೆ ಮನೆಗೆ ಬಂದ ತಂಡದ ಗುಮಟೆಯನ್ನು (ಮಣ್ಣಿನ ಮಡಕೆಯ ಚರ್ಮವಾದ್ಯ) ನ್ಯಾಷನಲ್ ಪ್ಯಾನಸಾನಿಕ್ ಟೇಪಿನಲ್ಲಿ ಹಿಡಿದೆ. ಗುಮಟೆಯ ಪೆಟ್ಟು, ಜಾಗಟೆ, ಯಾರೋ ಮಗು ಅಳುವುದು, ಕೊನೆಗೆ ಅಜ್ಜಿ "ಆಯ್ತನೋ ನಿಂದು?" ಎಂದು ಕೇಳುವುದು, ಎಲ್ಲ ಇದೆ. ಒಂದು ಬದಿಗೆ ಡೆಡ್ ಕೆನಡೀಸ್ ಗಾಯಕ, ಸ್ಯಾನ್ ಫ್ರಾನ್ಸಿಸ್ಕೋದ ಜೆಲ್ಲೋ ಬಿಯಾಫ್ರಾ ಧರ್ಮದ ವ್ಯಾಪಾರಿಗಳನ್ನು ಬೈಯುತ್ತಾನೆ, ತಿರುಗಿಸಿದರೆ ಚೆಂಡಿಯಾ ಕಡೆಯ ಗುಮಟೆ ಪಾಂಗು. ನನ್ನ ಬಳಿ ಇರುವ ಎಲ್ಲ ಕ್ಯಾಸೆಟ್ಟುಗಳಲ್ಲಿ ಇದರಷ್ಟು ಬೆಲೆಯದ್ದು ಇನ್ನೊಂದಿಲ್ಲ.

ಇನ್ನು ಮೈನರ್ ಥ್ರೆಟ್. ಇವರ ಬಗ್ಗೆ ಹೇಳದೆ ಹಾರ್ಡ್‌ಕೋರ್ ಬಗ್ಗೆ ಬರೆಯುವುದು ಸಾಧ್ಯವೇ ಇಲ್ಲ. ಗಾಯಕ ಇಯಾನ್ ಮೆಕೇ ಮತ್ತು ಡ್ರಮ್ಮರ್ ಜೆಫ್ ನೆಲ್ಸನ್ ಇದಕ್ಕೂ ಮೊದಲು ಟೀನ್ ಐಡಲ್ಸ್ ಎಂಬ ಹುಡುಗರ ತಂಡದಲ್ಲಿದ್ದರು. ಕಾರ್ಯಕ್ರಮಗಳಿಂದ ಬಂದ ಹಣವನ್ನು ಹಂಚಿಕೊಳ್ಳದೆ ಕೂಡಿಟ್ಟಿದ್ದರು. ತಂಡ ಒಡೆದಾಗ ಆ ಹಣದಿಂದ 1980ರಲ್ಲಿ ಒಂದು ಏಳಿಂಚಿನ ರೆಕಾರ್ಡ್ ತಂದರು, 1000 ಪ್ರತಿ. ಕವರು ಹೇಗೆ ಮಾಡುವುದೆಂದು ಗೊತ್ತಿಲ್ಲದೆ, ಬೇರೆ ರೆಕಾರ್ಡಿನ ಕವರೊಂದನ್ನು ಬಿಚ್ಚಿ ಅಳತೆ ತೆಗೆದು, ಕತ್ತರಿಯಲ್ಲಿ ಕತ್ತರಿಸಿ, ಅಂಟು ಹಚ್ಚಿ ಮಡಚಿದರು. ಡಿಸ್ಕಾರ್ಡ್ ರೆಕಾರ್ಡ್ಸ್ ಎಂಬ ಅವರ ಕಂಪನಿ ಶುರುವಾದದ್ದು ಹೀಗೆ. ಅಂದಿನಿಂದ ಇಂದಿನವರೆಗೆ ಅದು ತನ್ನ ಊರಿನ ಸುತ್ತಮುತ್ತಲಿನ ತಂಡಗಳನ್ನೇ ನೆಚ್ಚಿಕೊಂಡಿದೆ. ದೊಡ್ಡದಾಗಬೇಕೆಂಬ ಆಸೆಗೆ ಬೀಳದೆ, ತನ್ನೂರಿನ ದನಿಯನ್ನು ದಾಖಲಿಸುವುದೇ ಕೆಲಸ ಎಂದುಕೊಂಡು ನಾಲ್ಕು ದಶಕಕ್ಕೂ ಮಿಕ್ಕಿ ನಡೆದಿದೆ. ಇದಕ್ಕಿಂತ ದೊಡ್ಡ ಸಾಧನೆ ಸಂಗೀತದ ವ್ಯವಹಾರದಲ್ಲಿ ನನಗೆ ಕಾಣುವುದಿಲ್ಲ.

ಅವರ 'ಸ್ಟ್ರೈಟ್ ಎಡ್ಜ್' ಹಾಡು 46 ಸೆಕೆಂಡಿನದು. ಕುಡಿಯುವುದಿಲ್ಲ, ಅಮಲು ಬೇಡ, ನನಗೆ ಬೇರೆ ಕೆಲಸವಿದೆ ಅನ್ನುವ ಹಾಡು. ಇದು ನನಗೆ ಎಷ್ಟು ತಾಗಿತು ಎಂದು ತಿಳಿಯಬೇಕಾದರೆ ನೀವು ಕಾರವಾರದಲ್ಲಿ ಗಂಡುಮಗನಾಗಿ ಬೆಳೆದಿರಬೇಕು. ಮಾಜಾಳಿ ದಾಟಿದರೆ ಪೋಳೆಂ, ಅಲ್ಲಿ ಗೋವಾದ ಅಗ್ಗದ ಮದ್ಯ. ಕಾಲೇಜಿಗೆ ಬಂದ ಮೇಲೆ ಸ್ನೇಹ ಅಂದರೆ ಬೈಕಿನಲ್ಲಿ ಗಡಿ ದಾಟುವುದು, ಅಷ್ಟೇ. ಬೇಡ ಎಂದವನು ಗಂಡಸೇ ಅಲ್ಲ. ಆ ದಿನಗಳಲ್ಲಿ ಭೂಮಿಯ ಆಚೆ ಬದಿಯ ಹತ್ತೊಂಬತ್ತರ ಹುಡುಗನೊಬ್ಬ ಇದನ್ನೇ ಕೂಗಿ ಹೇಳಿದ್ದಾನೆ ಎಂಬುದು ನನಗೆ ಎಂಥ ಬಲ ಕೊಟ್ಟಿತೆಂದರೆ, ಇವತ್ತಿಗೂ ನಾನು ಕುಡಿಯುವುದಿಲ್ಲ.

ಇದನ್ನು ಹೇಳುವಾಗಲೆಲ್ಲ ನನಗೆ ನೆನಪಾಗುವುದು ಅಂಕೋಲೆಯ ಬಡಗೇರಿಯ ಸುಕ್ರಜ್ಜಿ. ಹಾಲಕ್ಕಿಗಳ ಹಾಡುಗಳ ಕಣಜವೇ ಆಗಿದ್ದ ಸುಕ್ರಿ ಬೊಮ್ಮಗೌಡರನ್ನು 2017ರ ಪದ್ಮಶ್ರೀ ಬಂದಾಗ ನಾಡೆಲ್ಲ ಕೊಂಡಾಡಿತು. ಅವರು ಸಾರಾಯಿಯ ವಿರುದ್ಧ ಊರಿನ ಹೆಂಗಸರನ್ನು ಕಟ್ಟಿಕೊಂಡು ಬೀದಿಗೆ ಇಳಿದವರು ಎಂಬುದನ್ನು ಅಷ್ಟೇ ದೊಡ್ಡದಾಗಿ ಹೇಳಿದವರು ಕಡಿಮೆ. ಮನೆಯೊಳಗೇ ಕುಡಿತದ ಸಾವು ಕಂಡಿದ್ದ ಹೆಂಗಸು. 2025ರಲ್ಲಿ ತೀರಿಕೊಂಡರು. ಹಾಡುವವರು ಹಾಡಿಕೊಂಡಿರಬೇಕು, ಊರಿನ ಉಸಾಬರಿ ಬೇಡ ಅನ್ನುವವರಿಗೆ ನಾನು ಸುಕ್ರಜ್ಜಿ, ಮೆಕೇ ಇಬ್ಬರ ಹೆಸರನ್ನೂ ಒಟ್ಟಿಗೇ ಹೇಳುತ್ತೇನೆ.

ಆಮೇಲೆ ಅಮೆರಿಕದಲ್ಲಿ ಕೆಲವರು 'ಸ್ಟ್ರೈಟ್ ಎಡ್ಜ್' ಮಾತನ್ನೇ ಕಟ್ಟಳೆ ಮಾಡಿಕೊಂಡು ಕುಡಿಯುವವರ ಮೇಲೆ ಕೈ ಮಾಡುವ ಮಟ್ಟಕ್ಕೂ ಹೋದರು. ಆದರೆ 1983ರ 'ಔಟ್ ಆಫ್ ಸ್ಟೆಪ್' ರೆಕಾರ್ಡಿನಲ್ಲಿ ಮೆಕೇ ಹಾಡಿನ ನಡುವೆಯೇ ಮಾತಾಡಿ, ಇದು ಯಾರಿಗೂ ನಿಯಮವಲ್ಲ ಎಂದು ಬಿಡಿಸಿ ಹೇಳಿದ್ದಾರೆ. ನನಗೆ ಆ ರೆಕಾರ್ಡೇ ಹೆಚ್ಚು ಇಷ್ಟ. ಮೊದಲಿನ ಎರಡು ಏಳಿಂಚಿನವೇ ಶ್ರೇಷ್ಠ ಅನ್ನುವವರ ಜೊತೆ ನಾನು ಇಡೀ ರಾತ್ರಿ ವಾದಿಸಬಲ್ಲೆ. ಆ ಮೊದಲಿನವುಗಳಲ್ಲಿ ಬಿಳಿಯನಾಗಿರುವ ತಪ್ಪಿನ ಬಗ್ಗೆ ಒಂದು ಹಾಡಿದೆ. ಕಪ್ಪು ಮಕ್ಕಳೇ ಹೆಚ್ಚಿದ್ದ ಶಾಲೆಯಲ್ಲಿ ಓದಿದ ಅನುಭವದಿಂದ ಬರೆದದ್ದು, ದ್ವೇಷದಿಂದಲ್ಲ ಎಂದು ಮೆಕೇ ಹೇಳಿದ್ದಾರೆ. ಇರಬಹುದು. ಆದರೆ ಮೇಲ್ಜಾತಿಯ ಗೆಳೆಯರು ಮೀಸಲಾತಿಯ ಮಾತು ಬಂದಾಗ ಆಡುವ ಧಾಟಿಯೇ ನನಗೆ ಅದರಲ್ಲಿ ಕೇಳುತ್ತದೆ. ಆ ಹಾಡನ್ನು ನಾನು ಹಾಕುವುದಿಲ್ಲ.

'ಔಟ್ ಆಫ್ ಸ್ಟೆಪ್' ಕವರಿನಲ್ಲಿ ಬಿಳಿ ಕುರಿಗಳ ಹಿಂಡಿನಿಂದ ಒಂದು ಕರಿ ಕುರಿ ಜಿಗಿದು ಹೊರಗೆ ಓಡುತ್ತದೆ. ಶಿರಸಿಯ ನನ್ನ ಗೆಳೆಯ, ಸಾಲ್ಕಣಿ ಕಡೆಯ ತೋಟದ ಮನೆಯವನು, ಆ ಚಿತ್ರವನ್ನೇ ನೋಡುತ್ತ ಕೂತಿದ್ದ. ಹೊರಗೆ ಜುಲೈ ಮಳೆ, ಜಗುಲಿಯಲ್ಲಿ ಟೇಪು, ಅವನ ಅಪ್ಪ ಒಳಗಿನಿಂದ "ಎಂತದಾ ಅದು ಗಲಾಟೆ" ಎನ್ನುತ್ತಿದ್ದರು. ಮುಗಿದ ಮೇಲೆ ಅವನು ಹೇಳಿದ್ದು ಇಷ್ಟೇ: "ಅಡ್ಡಿಲ್ಲೆ ಮಾರಾಯಾ, ಇನ್ನೊಂದ್ಸಲ ಹಾಕು." ಅದೇ 1983ರ ಸೆಪ್ಟೆಂಬರಿನಲ್ಲಿ ಅವನ ಊರಿನ ಹೆಂಗಸರು ಗಂಡಸರು ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತಿದ್ದರು. ಕೊಡಲಿ ಹಿಡಿದು ಬಂದವರು ವಾಪಸ್ಸು ಹೋಗಬೇಕಾಯಿತು. ಅಪ್ಪಿಕೋ ಚಳವಳಿ ಶುರುವಾದದ್ದು ಅಲ್ಲಿಂದ. ಒಂದಕ್ಕೂ ಇನ್ನೊಂದಕ್ಕೂ ನೇರ ಸಂಬಂಧ ಇಲ್ಲವೆಂದು ನನಗೆ ಗೊತ್ತು. ಆದರೆ ಅವನಿಗೆ ಆ ಕರಿ ಕುರಿ ಪರದೇಶದ್ದು ಅನ್ನಿಸಲಿಲ್ಲ.

ಬ್ಲ್ಯಾಕ್ ಫ್ಲ್ಯಾಗ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಎಲ್ಲರೂ ಬರೆದಿದ್ದಾರೆ. 1981ರ 'ಡ್ಯಾಮೇಜ್ಡ್' ರೆಕಾರ್ಡನ್ನು ಹಂಚಬೇಕಿದ್ದ ದೊಡ್ಡ ಕಂಪನಿಯ ಅಧಿಕಾರಿ, ಇದು ತಂದೆತಾಯಿಯರ ವಿರೋಧಿ ಎಂದು ಕೈಬಿಟ್ಟರು. ತಂಡದವರು ಆ ಮಾತನ್ನೇ ಸ್ಟಿಕ್ಕರ್ ಮಾಡಿಸಿ ಕವರಿಗೆ ಅಂಟಿಸಿದರು! ಆ ರೆಕಾರ್ಡಿನ ಗಾಯಕ ಹೆನ್ರಿ ರೋಲಿನ್ಸ್ ಅದಕ್ಕೂ ಕೆಲವೇ ತಿಂಗಳ ಹಿಂದೆ ವಾಷಿಂಗ್ಟನ್ನಿನ ಐಸ್‌ಕ್ರೀಮ್ ಅಂಗಡಿಯಲ್ಲಿ ಕೆಲಸಕ್ಕಿದ್ದವನು. 1984ರ 'ಮೈ ವಾರ್' ಎರಡನೇ ಬದಿಯಲ್ಲಿ ಮೂರೇ ಹಾಡು, ಒಂದೊಂದೂ ಆರು ನಿಮಿಷಕ್ಕೂ ಹೆಚ್ಚು, ತೆವಳಿಕೊಂಡು ಹೋಗುವಂಥವು. ವೇಗಕ್ಕೆಂದು ಬಂದಿದ್ದ ಅಭಿಮಾನಿಗಳಿಗೆ ಸಿಟ್ಟು ಬಂತು. ನನಗೆ ಆ ಬದಿಯೇ ಬೇಕು. ನಾಲ್ಕು ದಿನ ಬಿಡದೆ ಮಳೆ ಸುರಿದು, ಕರೆಂಟೂ ಹೋಗಿ, ಮಾತಾಡಲೂ ಮನಸ್ಸಿಲ್ಲದ ಆಷಾಢದ ಸಂಜೆಗೆ ಬೇರೆ ಯಾವ ಸಂಗೀತವೂ ಒಗ್ಗುವುದಿಲ್ಲ.

ಡಿಸ್ಚಾರ್ಜ್ ತಂಡದ 1982ರ 'ಹಿಯರ್ ನಥಿಂಗ್ ಸೀ ನಥಿಂಗ್ ಸೇ ನಥಿಂಗ್' ನನಗೆ ಟ್ರಂಕಿನಲ್ಲಿ ಸಿಕ್ಕಿದ್ದಲ್ಲ, ಮಡಗಾಂವಿನಲ್ಲಿ ಒಬ್ಬರು ಮೆಲ್ಟ್ರಾಕ್ ಕ್ಯಾಸೆಟ್ಟಿಗೆ ಹಾಕಿಕೊಟ್ಟದ್ದು. ಹದಿನಾಲ್ಕು ಹಾಡು, ಅರ್ಧ ಗಂಟೆಯೂ ಇಲ್ಲ. ಒಂದೊಂದು ಹಾಡಿಗೆ ನಾಲ್ಕಾರು ಸಾಲು ಮಾತ್ರ, ಹೆಚ್ಚಿನವು ಯುದ್ಧ ಮತ್ತು ಅಣುಬಾಂಬಿನ ಬಗ್ಗೆ. ಆ ಡ್ರಮ್ಮಿನ ನಡೆಗೆ ಇವತ್ತು ಜಗತ್ತಿನಾದ್ಯಂತ ಡಿ-ಬೀಟ್ ಎಂದೇ ಹೆಸರು, ಆ 'ಡಿ' ಇವರದ್ದು. ಅಣುವಿನ ಭಯ ನಮಗೆ ಪುಸ್ತಕದ ಭಯವಾಗಿರಲಿಲ್ಲ. ಕೈಗಾ ಅಣುಸ್ಥಾವರ ನಮ್ಮ ತಾಲೂಕಿನಲ್ಲೇ ಇದೆ. ಚಿಕ್ಕಂದಿನಲ್ಲಿ ಗೋಡೆಗಳ ಮೇಲೆ ಕೈಗಾ ಬೇಡ ಎಂಬ ಬರಹ ನೋಡಿದ್ದೇನೆ. ಶಿವರಾಮ ಕಾರಂತರು ಎಂಬತ್ತು ದಾಟಿದ ವಯಸ್ಸಿನಲ್ಲಿ 1989ರ ಲೋಕಸಭಾ ಚುನಾವಣೆಗೆ ನಮ್ಮ ಕ್ಷೇತ್ರದಿಂದಲೇ ನಿಂತರು, ಸೋತರು. 1994ರಲ್ಲಿ, ಕಟ್ಟುತ್ತಿದ್ದ ಒಂದನೇ ಘಟಕದ ಗುಮ್ಮಟದ ಒಳಭಾಗ ಕುಸಿದಾಗ ಮನೆ ಮನೆಯಲ್ಲೂ ಅದೇ ಮಾತು. ಆಮೇಲೆ ಸ್ಥಾವರ ನಡೆಯಿತು, ವಿದ್ಯುತ್ತೂ ಬಂತು, 2018ರಲ್ಲಿ ಅದೇ ಘಟಕ ನಿಲ್ಲದೆ 962 ದಿನ ನಡೆದ ದಾಖಲೆಯನ್ನೂ ಮಾಡಿತು. ನಮ್ಮವರಿಗೆ ಅಲ್ಲಿ ಕೆಲಸವೂ ಸಿಕ್ಕಿದೆ. ಇದೆಲ್ಲ ಗೊತ್ತಿದ್ದೂ ಆ ಕ್ಯಾಸೆಟ್ಟು ಹಾಕಿದರೆ ಗೋಡೆಯ ಮೇಲಿನ ಆ ಅಕ್ಷರಗಳು ಕಣ್ಣಿಗೆ ಬರುತ್ತವೆ.

ಈಗ ನನ್ನ ಅತಿ ಪ್ರೀತಿಯ ರೆಕಾರ್ಡು. ಮಿನಿಟ್‌ಮೆನ್, 'ಡಬಲ್ ನಿಕಲ್ಸ್ ಆನ್ ದ ಡೈಮ್', 1984. ಎರಡು ಎಲ್‌ಪಿ, ನಲವತ್ತಕ್ಕೂ ಹೆಚ್ಚು ಹಾಡು. ಬಹಳಷ್ಟು ಎರಡು ನಿಮಿಷದೊಳಗೆ ಮುಗಿಯುತ್ತವೆ, ನಮ್ಮ ಕಾರವಾರದ ಬೈತಖೋಲ ಬಂದರಿನ ಮೀನು ಹರಾಜಿನ ಹಾಗೆ, ಒಂದು ಬುಟ್ಟಿ ಮುಗಿಯುವುದರೊಳಗೆ ಇನ್ನೊಂದು ಬುಟ್ಟಿ.

ಸ್ಯಾನ್ ಪೆಡ್ರೋ ಅಂದರೆ ಲಾಸ್ ಏಂಜಲೀಸಿನ ಬಂದರು ಇರುವ ಜಾಗ. ಹಡಗುಕಟ್ಟೆಯ ಕೂಲಿಕಾರರು, ಮೀನುಗಾರರು, ನೌಕಾಪಡೆಯವರು. ಬೇಸ್ ನುಡಿಸುವ ಮೈಕ್ ವಾಟ್‌ನ ಅಪ್ಪ ನೌಕಾಪಡೆಯಲ್ಲಿದ್ದವರು, ವರ್ಜೀನಿಯಾದಿಂದ ಅಲ್ಲಿಗೆ ಬಂದ ಕುಟುಂಬ. ಒಂದು ದಿನ ಉದ್ಯಾನದಲ್ಲಿ ಮರದ ಮೇಲಿನಿಂದ ಒಬ್ಬ ಹುಡುಗ ಅವನ ಮುಂದೆ ಧುಮುಕಿದ. ಅವನೇ ಡಿ. ಬೂನ್. ಬೀದಿ ಸುತ್ತಿ ಹಾಳಾಗಬಾರದೆಂದು ಬೂನ್‌ನ ತಾಯಿ ಇಬ್ಬರಿಗೂ ತಂಡ ಕಟ್ಟಲು ಹೇಳಿದರು. ಮಗನಿಗೆ ಗಿಟಾರ್, ನೀನು ಬೇಸ್ ನುಡಿಸು ಎಂದು ವಾಟ್‌ಗೆ. ಬೇಸ್ ಅಂದರೆ ಏನೆಂದು ಅವನಿಗೆ ಆಗ ಗೊತ್ತಿರಲಿಲ್ಲ. ಜಾರ್ಜ್ ಹರ್ಲಿ ಡ್ರಮ್ಮಿಗೆ ಬಂದ. ಇಡೀ ರೆಕಾರ್ಡಿಗೆ ಸಾವಿರ ಡಾಲರಿಗಿಂತ ಸ್ವಲ್ಪ ಹೆಚ್ಚು ಖರ್ಚು ಮಾಡಿ, ಮಿಕ್ಸಿಂಗನ್ನು ಒಂದೇ ರಾತ್ರಿಯಲ್ಲಿ ಮುಗಿಸಿದರು. ಕಡಿಮೆ ಖರ್ಚಿನಲ್ಲಿ ನಡೆಸುವುದು ಅವರಿಗೆ ಬಡತನದ ನಾಚಿಕೆಯಾಗಿರಲಿಲ್ಲ, ಬದುಕುವ ಕ್ರಮವಾಗಿತ್ತು. ವ್ಯಾನು ಅವರದೇ, ಸಾಮಾನು ಹೊರುವವರೂ ಅವರೇ. ಗೆಳೆಯರ ತಂಡ ಹುಸ್ಕರ್ ಡೂ 'ಜೆನ್ ಆರ್ಕೇಡ್' ಎಂಬ ಎರಡು ಎಲ್‌ಪಿಗಳ ರೆಕಾರ್ಡು ಮಾಡಿದೆ ಎಂದು ಕೇಳಿ, ಮುಗಿದಿದ್ದ ತಮ್ಮ ರೆಕಾರ್ಡನ್ನು ತಡೆದು ಮತ್ತಷ್ಟು ಹಾಡು ಬರೆದು ಎರಡು ಎಲ್‌ಪಿ ಮಾಡಿದರು. 'ಜೆನ್ ಆರ್ಕೇಡ್' ದೊಡ್ಡ ರೆಕಾರ್ಡೇ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಮಿನಿಟ್‌ಮೆನ್ ಕೇಳುವಾಗ ಮೂವರು ಒಬ್ಬರನ್ನೊಬ್ಬರು ನೋಡಿ ನಗುತ್ತ ನುಡಿಸುವುದು ಕಾಣುತ್ತದೆ, ಅಲ್ಲಿ ಹಾಗೆ ಕಾಣುವುದಿಲ್ಲ.

ಬೂನ್‌ನ ಗಿಟಾರಿನಲ್ಲಿ ದಪ್ಪ ಸದ್ದೇ ಇಲ್ಲ. ತೆಳ್ಳಗೆ, ಚುರುಕಾಗಿ, ಮೇಲಿನ ತಂತಿಗಳಲ್ಲೇ ಓಡಾಡುತ್ತದೆ. ಬೇಸಿಗೆ ಜಾಗ ಬಿಡಬೇಕೆಂದು ಬೇಕೆಂದೇ ಹಾಗೆ ಮಾಡಿದ್ದು. ತಂಡದಲ್ಲಿ ಯಾರೂ ಇನ್ನೊಬ್ಬರ ಮೇಲೆ ಕೂರಬಾರದು ಅನ್ನುವುದು ಅವರ ರಾಜಕೀಯ, ಅದನ್ನು ಸದ್ದಿನಲ್ಲೇ ಮಾಡಿ ತೋರಿಸಿದರು. 1985ರ ಡಿಸೆಂಬರಿನಲ್ಲಿ ಅರಿಜೋನಾದಲ್ಲಿ ವ್ಯಾನು ಅಪಘಾತವಾಗಿ ಬೂನ್ ಸತ್ತ. 27 ವರ್ಷ. ತಂಡ ಅಲ್ಲಿಗೇ ಮುಗಿಯಿತು.

ಈ ಕಥೆಯನ್ನು ಹೇಳಿದಾಗ ಮಾಮ ಒಂದು ನಿಮಿಷ ಯೋಚಿಸಿ, "ಸ್ಯಾನ್ ಪೆಡ್ರೋ ನಾ ನೋಡಿದ್ದೆ. ಕ್ರೇನು, ಗುಡ್ಡದ ಮೇಲೆ ಮನೆಗಳು. ನಮ್ಮ ಬೈತಖೋಲ ದೊಡ್ಡದು ಮಾಡಿಟ್ಟ ಹಾಗೇ" ಎಂದರು. ನನಗೆ ಅಷ್ಟು ಸಾಕಾಗಿತ್ತು. ನಮ್ಮಲ್ಲೂ ಈಗ ನೌಕಾನೆಲೆ ಇದೆ. ಸೀಬರ್ಡ್ ಯೋಜನೆಗಾಗಿ ಅರ್ಗಾ, ಬಿಣಗಾ ಕಡೆಯ ಎಷ್ಟೋ ಮೀನುಗಾರ ಮತ್ತು ರೈತ ಕುಟುಂಬಗಳು ನೆಲ ಬಿಟ್ಟವು, 2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯಿತು, ದೇಶದ ಮೂಲೆಮೂಲೆಯ ನೌಕಾಪಡೆಯ ಮಕ್ಕಳು ನಮ್ಮ ಶಾಲೆ ಕಾಲೇಜುಗಳಿಗೆ ಬಂದರು. ವಾಟ್ ಮತ್ತು ಬೂನ್ ಭೇಟಿಯಾದಂಥ ಉದ್ಯಾನಗಳು ನಮ್ಮೂರಲ್ಲೂ ಇವೆ.

ನನ್ನ ಅಕ್ಕನ ಮಗ ಮತ್ತು ಅವನ ಇಬ್ಬರು ಗೆಳೆಯರು, ಅದರಲ್ಲೊಬ್ಬ ನೌಕಾಪಡೆಯ ಕ್ವಾರ್ಟರ್ಸಿನ ತಮಿಳು ಹುಡುಗ, ಬಲೆ ಇಡುವ ಹಳೇ ಶೆಡ್ಡಿನಲ್ಲಿ ತಂಡ ಕಟ್ಟಿದ್ದಾರೆ. ನಾನು ಕ್ಯಾಸೆಟ್ಟು ಕೊಟ್ಟದ್ದು ನಿಜ, ಕಲಿತದ್ದು ಅವರೇ. ಅವರ ಒಂದು ಹಾಡು ಅಂಕೋಲೆ ಕಡೆಯ ಶಿರೂರಿನ ಬಗ್ಗೆ. 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು, ರಸ್ತೆಬದಿಯ ಚಾ ಅಂಗಡಿಯ ಸಂಸಾರವನ್ನೂ ನಿಂತಿದ್ದ ಲಾರಿಗಳನ್ನೂ ಗಂಗಾವಳಿ ಹೊಳೆಗೆ ತಳ್ಳಿದ್ದು ನಮ್ಮಲ್ಲಿ ಯಾರೂ ಮರೆಯುವಂಥದ್ದಲ್ಲ. ಹಾಡು ಒಂದು ನಿಮಿಷದೊಳಗೆ ಮುಗಿಯುತ್ತದೆ. ಗುಡ್ಡ ಕಡಿದವರು ಯಾರು ಎಂಬ ಒಂದೇ ಪ್ರಶ್ನೆ, ಕನ್ನಡದಲ್ಲಿ, ಕೊಂಕಣಿಯಲ್ಲಿ, ತಮಿಳಿನಲ್ಲಿ. ಮೊದಲ ಸಲ ಕೇಳಿದಾಗ ನಾನು ಶೆಡ್ಡಿನಿಂದ ಹೊರಗೆ ಬಂದು ಸ್ವಲ್ಪ ಹೊತ್ತು ನಿಂತೆ. ಇಂಥದ್ದನ್ನು ಬೆಂಗಳೂರಿನಲ್ಲಿ ಕೂತು ಯಾರೂ ನಮಗಾಗಿ ಬರೆಯುವುದಿಲ್ಲ.

ಬೇಸ್ ಇನ್ನೂ ಜೋರಾಗಬೇಕು, ಎರಡನೇ ಹಾಡಿನ ಕೊನೆ ಎಳೆದಂತಾಗಿದೆ, ಇದನ್ನು ಅವರಿಗೂ ಹೇಳಿದ್ದೇನೆ. ಮೂರು ಹಾಡುಗಳನ್ನು ಮೊಬೈಲಿನಲ್ಲೇ ರೆಕಾರ್ಡ್ ಮಾಡಿ, ನನ್ನ ಹಳೇ ಡೆಕ್ಕಿನಲ್ಲಿ ಕ್ಯಾಸೆಟ್ಟಿಗೆ ಹಾಕುತ್ತಿದ್ದಾರೆ. ಕವರನ್ನು ಕ್ಯಾಲೆಂಡರಿನ ಹಿಂಬದಿಯ ಹಾಳೆಯಲ್ಲಿ ಕತ್ತರಿಸಿ ಅಂಟಿಸುತ್ತಿದ್ದಾರೆ. ಇನ್ನೊಂದು ಬದಿ ಖಾಲಿ ಇರುತ್ತದೆ, ನಿಮ್ಮೂರಿನದ್ದೇನಾದರೂ ತುಂಬಿಕೊಳ್ಳಿ. ಬೇಕಾದವರು ನನಗೆ ಮೆಸೇಜ್ ಮಾಡಿ, ಹಣವನ್ನು ಹುಡುಗರಿಗೇ ಕೊಡಿ. ಶಿರಸಿ, ಕುಮಟೆ ಕಡೆಯವರಿಗೆ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತೇನೆ. ಟೇಪು ಇಲ್ಲದವರು ಭಾನುವಾರ ಸಂಜೆ ನಮ್ಮ ಮನೆಗೆ ಬನ್ನಿ, 'ಡಬಲ್ ನಿಕಲ್ಸ್' ನಾಲ್ಕೂ ಬದಿ ಕೇಳೋಣ.